ಕಬರಿಯ ಮೂರನೆಯ ತುಂಡು

ಪುಣೆ
12 ಜೂನ್ 2012

ಅಪ್ಪನಿಗೆ ಸಂಧ್ಯಾಳ ನಮಸ್ಕಾರ.

ನಿನ್ನೆ ಫೋನಿನಲ್ಲಿ ಹೇಳಿದ್ದು ನಿಮಗೆ ಅರ್ಧ ಕೇಳಿಸಲಿಲ್ಲ. ಉಳಿದರ್ಧವನ್ನು ಅವ್ವ ನಿಮ್ಮ ಕಿವಿಯ ಹತ್ತಿರ ಕೂಗಿ ಹೇಳುವಾಗ ಜೀನು ಹೋಗಿ ಜೇನಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಇನ್ನು ಮುಂದೆ ಕೆಲಸದ ಮಾತೆಲ್ಲ ಕಾಗದದಲ್ಲೇ ಆಗಲಿ.

ನನ್ನ ಪಿಎಚ್‌ಡಿ ದನಗಳ ನರೂಲಿಯ ಮೇಲೆ ಎಂದು ನಿಮಗೆ ಗೊತ್ತು. ನರೂಲಿ ವೈರಸ್ಸಿನಿಂದ ಬರುತ್ತದೆ ಎನ್ನುವುದನ್ನು ಮೂವತ್ತೊಂದು ವರ್ಷ ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ ನಿಮಗೆ ನಾನು ಹೇಳಬೇಕಿಲ್ಲ. ನಾನು ಹುಡುಕುತ್ತಿರುವುದು ಆ ವೈರಸ್ಸು ಚರ್ಮದ ಕೋಶದೊಳಗೆ ಕೂತ ಮೇಲೆ ಏನು ಮಾಡುತ್ತದೆ ಎಂಬುದನ್ನು. ದನದ ಒಂದೊಂದು ಕೋಶದಲ್ಲೂ ಇಪ್ಪತ್ತು ಸಾವಿರದಷ್ಟು ಜೀನುಗಳಿವೆ. ಎಲ್ಲವೂ ಎಲ್ಲ ಹೊತ್ತೂ ಕೆಲಸ ಮಾಡುವುದಿಲ್ಲ, ಕೆಲವು ಎಚ್ಚರವಿರುತ್ತವೆ, ಕೆಲವು ಮಲಗಿರುತ್ತವೆ. ವೈರಸ್ಸು ಬಂದಾಗ ಎಚ್ಚರವಿದ್ದವು ಮಲಗುತ್ತವೆ, ಮಲಗಿದ್ದವು ಏಳುತ್ತವೆ. ಯಾವುವು, ಯಾವಾಗ ಎಂದು ತಿಳಿಯಬೇಕು. ಎಚ್ಚರವಿರುವ ಜೀನು ಆರ್‌ಎನ್‌ಎ ಎಂಬ ಚೀಟಿಗಳನ್ನು ಹೊರಡಿಸುತ್ತಿರುತ್ತದೆ. ನಾವು ಆ ಚೀಟಿಗಳನ್ನು ಓದುತ್ತೇವೆ.

ನಮ್ಮ ಕಡೆ ನರೂಲಿ ಎದ್ದಿರುವ ಐದು ದನಗಳು ಬೇಕು. ಒಂದೊಂದರಿಂದಲೂ ಮೂರು ಸಲ: ಗಂಟು ಬೆಳೆಯುವಾಗ, ಪೂರ್ತಿ ಬೆಳೆದಾಗ, ತಾನಾಗಿ ಉದುರುವಾಗ. ಪ್ರತಿ ಸಲವೂ ಗಂಟಿನದೊಂದು ತುಂಡು, ಪಕ್ಕದ ಒಳ್ಳೆಯ ಚರ್ಮದ್ದೊಂದು ತುಂಡು. ಹೆಸರುಕಾಳಿನಷ್ಟಿರಲಿ, ದೊಡ್ಡದು ಬೇಡ. ಕತ್ತರಿಸಿದ ತಕ್ಷಣ ನಾನು ಕಳಿಸುವ ದ್ರವಕ್ಕೆ ಹಾಕಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಮಹಾಲಿಂಗಪುರದಿಂದ ಪುಣೆ ಬಸ್ಸಿಗೆ ಕೊಡಿ.

ಒಂದೇ ಷರತ್ತು. ಡಿಸೆಂಬರಿನವರೆಗೆ ಆ ದನಗಳಿಗೆ ಯಾವ ಮದ್ದೂ ಆಗಬಾರದು. ನಿಮ್ಮ ಸೂಜಿಯೂ ಬೇಡ, ದಾರ ಕಟ್ಟುವುದೂ ಬೇಡ.

ನಿಮ್ಮ
ಸಂಧ್ಯಾ


ಮಹಾಲಿಂಗಪುರ
7 ಜುಲೈ 2012

ಚಿ. ಸಂಧ್ಯಾಗೆ ಆಶೀರ್ವಾದ.

ಡಬ್ಬಿಯ ಜೊತೆ ಈ ಕಾಗದ ಪ್ಲಾಸ್ಟಿಕ್ ಚೀಲದಲ್ಲಿದೆ, ಒದ್ದೆಯಾಗಿರಲಾರದು. ಐದು ದನಗಳು ಸಿಕ್ಕಿವೆ. ರಬಕವಿಯ ಸಿದರಾಯನ ಎತ್ತು, ಮುಧೋಳ ರಸ್ತೆಯ ಕಾಮಣ್ಣನ ಎರಡು ಕರುಗಳು, ತಿಮ್ಮಾಪುರದ ಒಂದು ಮುದಿ ಆಕಳು, ಹಿಪ್ಪರಗಿಯ ತಾರವ್ವನ ಕಡಸು. ನಿವೃತ್ತನಾದವನು ಪೆಟ್ಟಿಗೆ ಹಿಡಿದು ಮತ್ತೆ ದನಗಳ ಹಿಂದೆ ಅಲೆಯುವುದನ್ನು ನೋಡಿ ಕಾಮಣ್ಣ, "ಡಾಕ್ಟರ್ರ, ಪೆನ್ಶನ್ ಬಂದಮ್ಯಾಲ ನರೂಲಿ ಕೂಡಿಸಾಕತ್ತೀರೇನು?" ಎಂದು ನಕ್ಕ. ನಾನು ಡಾಕ್ಟರನಲ್ಲ, ನನ್ನ ಮಗಳು ಡಾಕ್ಟರು ಎಂದೆ. ಈ ಮಾತು ಹೇಳಲು ಸಿಗುವ ಒಂದು ಅವಕಾಶವನ್ನೂ ನಾನು ಬಿಡುವುದಿಲ್ಲ.

ತಾರವ್ವನ ಬಗ್ಗೆ ಸ್ವಲ್ಪ ಬರೆಯಬೇಕು. ಬೀಳಗಿ ಕಡೆಯ ಅವರ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ, ಕಟ್ಟಲು ಜಾಗವಿಲ್ಲವೆಂದು ಇದ್ದ ದನಗಳನ್ನೆಲ್ಲ ಮಾರಿ ಬಂದವರು. ಹತ್ತು ವರ್ಷ ಗೋದಲಿ ಬರಿದಾಗಿತ್ತು. ಗಂಡ ಮುದಕಪ್ಪ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಮೂರು ವರ್ಷದ ಹಿಂದೆ ತವರಿನಿಂದ ಒಂದು ಹೆಣ್ಣುಗರು ತಂದು ಸಾಕಿದಳು. ಕಪ್ಪು ಬಿಳಿ ಮಚ್ಚೆಗಳು, ಅದಕ್ಕೇ ಕಬರಿ ಎಂದು ಹೆಸರು. ಶಿವರಾತ್ರಿಯ ವಾರ ಗಬ್ಬವಾಗಿದೆ, ಚೊಚ್ಚಲು. ಕುತ್ತಿಗೆಯಲ್ಲಿ ಏಳೆಂಟು ಗಂಟುಗಳಿವೆ, ಕೆಚ್ಚಲ ಹತ್ತಿರ ಎರಡು ಸಣ್ಣವು.

ನಾನು ಕತ್ತರಿಸುವಾಗ ತಾರವ್ವ ಅದರ ಮುಖ ಹಿಡಿದುಕೊಂಡಿದ್ದಳು. "ಇದಕ್ಕ ಔಷಧ ಯಾವಾಗ ಹಾಕ್ತೀರಿ?" ಎಂದಳು. ತಾನಾಗಿ ಉದುರುತ್ತದೆ ಎಂದೆ. ಬಹಳ ಸಲ ಹಾಗೆಯೇ ಆಗುತ್ತದೆ, ಅದು ಸುಳ್ಳಲ್ಲ.

ಅವ್ವ ಹಪ್ಪಳ ಕಳಿಸುತ್ತೇನೆಂದಳು, ಮಂಜುಗಡ್ಡೆಯ ಡಬ್ಬಿಯಲ್ಲಿ ಬೇಡ ಎಂದೆ.

ಇಂತು
ಶಿದ್ರಾಮಪ್ಪ


ಪುಣೆ
24 ಜುಲೈ 2012

ಅಪ್ಪನಿಗೆ ನಮಸ್ಕಾರ.

ಶನಿವಾರ ಬಸ್ಸಿಗೆ ಕೊಟ್ಟರೆ ಭಾನುವಾರ ಇಲ್ಲಿ ಯಾರಿರುತ್ತಾರೆ? ಡಬ್ಬಿ ಬಸ್ ನಿಲ್ದಾಣದ ಸಾಮಾನು ಕೋಣೆಯ ಸೆಕೆಯಲ್ಲಿ ಒಂದು ದಿನ ಕೂತಿತ್ತು. ನಾನು ಹೋಗಿ ತೆರೆದಾಗ ಮಂಜುಗಡ್ಡೆ ನೀರಾಗಿತ್ತು, ಹೆಸರು ಬರೆದ ಚೀಟಿಗಳಲ್ಲಿ ಎರಡು ಅಳಿಸಿಹೋಗಿದ್ದವು. ಹೆಸರುಕಾಳಿನಷ್ಟು ಎಂದು ಬರೆದಿದ್ದೆ, ನೀವು ಕಳಿಸಿದ್ದು ಶೇಂಗಾ ಬೀಜದಷ್ಟು. ತುಂಡು ದಪ್ಪವಿದ್ದರೆ ದ್ರವ ಒಳಗೆ ಇಳಿಯುವುದಿಲ್ಲ, ನಡುವಿನ ಆರ್‌ಎನ್‌ಎ ಕೊಳೆಯುತ್ತದೆ. ಐದರಲ್ಲಿ ಮೂರು ಕೆಟ್ಟಿವೆ. ಮಾರ್ಗದರ್ಶಕರು ವರದಿ ನೋಡಿ, "ಇದು ನಿಮ್ಮ ಊರಿನ ಕೆಲಸವೇ?" ಎಂದು ಕೇಳಿದರು.

ಉಳಿದದ್ದು ಕಾಮಣ್ಣನ ಒಂದು ಕರುವಿನದು ಮತ್ತು ಕಬರಿಯದು. ಮೂರು ದನಗಳಿಂದ ಮತ್ತೆ ತೆಗೆದು ಕಳಿಸಿ. ಸೋಮವಾರ ಅಥವಾ ಮಂಗಳವಾರವೇ ಬಸ್ಸಿಗೆ ಕೊಡಿ. ಅಂದಾಜು ಬೇಡ, ಅಳತೆಯಿರಲಿ. ಮೂವತ್ತೊಂದು ವರ್ಷದ ಅನುಭವ ಇದಕ್ಕೆ ಬರುವುದಿಲ್ಲ.

ಸಂಧ್ಯಾ


ಮಹಾಲಿಂಗಪುರ
11 ಆಗಸ್ಟ್ 2012

ಚಿ. ಸಂಧ್ಯಾಗೆ.

ನಿನ್ನ ಕಾಗದವನ್ನು ಅವ್ವ ಓದಿ ಹೇಳಿದಳು. ಕೊನೆಯ ಸಾಲನ್ನು ಬಿಟ್ಟು ಓದಿದಳು. ಆಮೇಲೆ ನಾನೇ ಕನ್ನಡಕ ಹಾಕಿಕೊಂಡು ನೋಡಿದೆ.

ಸಿದರಾಯ ತನ್ನ ಎತ್ತಿನ ಗಂಟುಗಳಿಗೆ ಬ್ಯಾಟರಿಯ ನೀರು ಹಚ್ಚಿ ಸುಟ್ಟುಬಿಟ್ಟಿದ್ದಾನೆ. "ನೀವು ಏನೂ ಮಾಡೂದಿಲ್ಲ ಅಂದ್ರಿ, ನಾನರ ಮಾಡ್ತೇನಿ ಅಂದೆ" ಎಂದ. ತಿಮ್ಮಾಪುರದವರು ಇನ್ನೊಮ್ಮೆ ಕೊಯ್ಯಲು ಕೊಡುವುದಿಲ್ಲ ಎಂದು ಗೇಟಿನಿಂದಲೇ ವಾಪಸು ಕಳಿಸಿದರು. ಕಾಮಣ್ಣ ಜಮಖಂಡಿಗೆ ಹೋಗಿ ಎರಡೂ ಕರುಗಳಿಗೆ ಸೂಜಿ ಮಾಡಿಸಿಕೊಂಡು ಬಂದಿದ್ದಾನೆ. ಹಾಗೆ ಮಾಡಬೇಡ ಎಂದು ಅವನಿಗೆ ಯಾವ ಬಾಯಿಂದ ಹೇಳಲಿ? ಇಷ್ಟು ವರ್ಷ ಅದೇ ಸೂಜಿಯನ್ನು ನಾನೇ ಮಾಡಿದವನು.

ಈಗ ಉಳಿದಿರುವುದು ಕಬರಿ ಒಂದೇ. ಅದರ ಕೆಚ್ಚಲ ಹತ್ತಿರದ ಗಂಟುಗಳು ಎರಡಿದ್ದದ್ದು ಹನ್ನೊಂದಾಗಿವೆ. ಮೂರು ತೊಟ್ಟುಗಳ ಮೇಲೆ ಬಂದಿವೆ, ಹೂಕೋಸಿನಂತೆ. ಕುತ್ತಿಗೆಯ ಮೇಲಿನವು ಇದ್ದರೂ ನಡೆಯುತ್ತದೆ. ತೊಟ್ಟಿನ ಮೇಲಿನವುಗಳ ಮಾತು ಬೇರೆ. ಕರು ಹಾಕುವ ಹೊತ್ತಿಗೆ ಇವು ಇದ್ದರೆ ಹಾಲಿನ ದಾರಿ ಮುಚ್ಚುತ್ತದೆ. ಈಗಲೇ ಆದರೆ ಆರು ಸೂಜಿಯಲ್ಲಿ ಹೋಗುವ ಸಾಧ್ಯತೆ ಇದೆ. ಗಂಟನ್ನೇ ಅರೆದು ಲಸಿಕೆ ಮಾಡಿ ಹಾಕುವ ಕ್ರಮವೂ ನನಗೆ ಗೊತ್ತು.

ಮಾಡಲೇ? ನಿನ್ನ ಒಂದು ಮಾತಿಗೆ ಕಾಯುತ್ತಿದ್ದೇನೆ.

ಶಿದ್ರಾಮಪ್ಪ


ಪುಣೆ
30 ಆಗಸ್ಟ್ 2012

ಅಪ್ಪಾ,

ಮಾಡಬೇಡಿ.

ಹೋದ ಕಾಗದದಲ್ಲಿ ನಿಮ್ಮ ಅನುಭವದ ಬಗ್ಗೆ ಹಾಗೆ ಬರೆದದ್ದು ತಪ್ಪಾಯಿತು. ಆದರೆ ನನ್ನ ಸ್ಥಿತಿ ಕೇಳಿ. ಇಲ್ಲಿ ಪುಣೆಯ ಸುತ್ತಲಿನ ನಾಲ್ಕು ದನಗಳು ಸಿಕ್ಕಿವೆ. ಎಲ್ಲವೂ ಕುತ್ತಿಗೆಯ, ಬೆನ್ನಿನ ನರೂಲಿ. ತೊಟ್ಟಿನ ಮೇಲೆ ಎದ್ದಿರುವುದು ಕಬರಿಯಲ್ಲಿ ಮಾತ್ರ. ಅದರ ಮೊದಲ ತುಂಡಿನ ಫಲಿತಾಂಶ ಬಂದಿದೆ. ಕೋಶ ಒಡೆದು ಎರಡಾಗಲು ಬೇಕಾದ ಜೀನುಗಳು ಒಳ್ಳೆಯ ಚರ್ಮದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಎಚ್ಚರವಾಗಿವೆ. ಚರ್ಮವನ್ನು ಗಟ್ಟಿ ಮಾಡುವವು ಹುಚ್ಚೆದ್ದಿವೆ. ಆದರೆ ಒಳಗೆ ಶತ್ರು ಹೊಕ್ಕಿದ್ದಾನೆ ಎಂದು ರಕ್ತದ ಕಾವಲು ಕೋಶಗಳಿಗೆ ಸುದ್ದಿ ಕೊಡುವ ಜೀನುಗಳು ಮಲಗಿವೆ. ಕೋಶ ಕೂಗುವುದನ್ನೇ ಬಿಟ್ಟಿದೆ. ಹಾಗಾಗಿ ಮೈ ತನ್ನ ಗಂಟನ್ನು ತಾನೇ ಗುರುತಿಸುವುದಿಲ್ಲ. ಗಂಟು ಉದುರುವ ಹೊತ್ತಿಗೆ ಆ ಕೂಗು ಹೇಗೆ ಮರಳಿ ಬರುತ್ತದೆ ಎಂಬುದೇ ನನ್ನ ಪ್ರಶ್ನೆ. ಈಗ ಸೂಜಿ ಮಾಡಿದರೆ ಅದು ಮೈ ತಾನೇ ಮಾಡಿದ್ದೋ ಮದ್ದು ಮಾಡಿದ್ದೋ ಎಂದು ಯಾರಿಗೂ ಹೇಳಲಾಗುವುದಿಲ್ಲ.

ಬಹಳಷ್ಟು ದನಗಳಲ್ಲಿ ತಾನಾಗಿ ಉದುರುತ್ತದೆ ಎಂದು ನನಗೆ ಕಲಿಸಿದವರು ನೀವು. ಕರು ಹಾಕಲು ಇನ್ನೂ ಮೂರು ತಿಂಗಳಿದೆ. ಕಾಯೋಣ. ಮಾರ್ಚಿಗೆ ಪ್ರಯೋಗಕ್ಕೆ ಕೊಟ್ಟ ಅವಧಿ ಮುಗಿಯುತ್ತದೆ, ಇನ್ನೊಂದು ಕಬರಿಯನ್ನು ಹುಡುಕಲು ನನಗೆ ಸಮಯವಿಲ್ಲ.

ನಿಮ್ಮ
ಸಂಧ್ಯಾ


ಮಹಾಲಿಂಗಪುರ
2 ಅಕ್ಟೋಬರ್ 2012

ಚಿ. ಸಂಧ್ಯಾಗೆ.

ಎರಡನೆಯ ತುಂಡುಗಳು ಈ ಡಬ್ಬಿಯಲ್ಲಿವೆ. ಅಕ್ಕಸಾಲಿಗರ ಮುರಗೆಪ್ಪನ ಹತ್ತಿರ ಸಣ್ಣ ಅಳತೆಪಟ್ಟಿ ಕೇಳಿ ತಂದು ಅಳೆದು ಕತ್ತರಿಸಿದ್ದೇನೆ. ಮಂಗಳವಾರದ ಬಸ್ಸು.

ತೊಟ್ಟಿನ ಮೇಲಿನದನ್ನು ಕತ್ತರಿಸುವಾಗ ಕಬರಿ ಒದೆಯಿತು. ಮೊದಲು ಒದೆಯುತ್ತಿರಲಿಲ್ಲ. ತಾರವ್ವ ಕೊಳಗದಲ್ಲಿ ನೀರು ತಂದಿಟ್ಟು ನಿಂತಳು. ಆಮೇಲೆ ಆದ ಮಾತನ್ನು ಹಾಗೆಯೇ ಬರೆಯುತ್ತೇನೆ.

"ಡಾಕ್ಟರ್ರ, ಎಲ್ಲಾರೂ ಸೂಜಿ ಮಾಡಸಾಕತ್ತಾರ. ಕಾಮಣ್ಣನ ಕರುಗೋಳು ಸ್ವಚ್ಛ ಆದುವು ಅಂತ. ಇದಕ್ಕ ಯಾಕ ಬ್ಯಾಡ?"

"ಗಬ್ಬ ಐತಿ ತಾರವ್ವ. ಈಗ ಸೂಜಿ ಬ್ಯಾಡ."

"ಗಬ್ಬ ಇದ್ದಾಗ ಮಾಡೂದಿಲ್ಲೇನ್ರಿ?"

"ಪುಣೆದಿಂದ ಛಲೋ ಔಷಧ ಬರೂದೈತಿ. ನನ್ನ ಮಗಳು ಅದನ್ನ ಮಾಡಾಕತ್ತಾಳ."

"ಹಂಗಾದ್ರ ಆತು ಬಿಡ್ರಿ. ನೀವು ಹೇಳಿದ್ರ ಆತು."

ಹೀಗೆ ಹೇಳಿ ಅವಳು ಒಳಗೆ ಹೋಗಿ ಚಹಾ ತಂದಳು. ನಾನು ಕುಡಿದೆ.

ಇಲಾಖೆಯಲ್ಲಿದ್ದಾಗ ಮದ್ದಿಲ್ಲದ ದಿನ ಮದ್ದಿಲ್ಲ ಎಂದೇ ಹೇಳಿ ಬೈಸಿಕೊಂಡಿದ್ದೇನೆ. ಮದ್ದು ಪೆಟ್ಟಿಗೆಯಲ್ಲಿಟ್ಟುಕೊಂಡು ಇಲ್ಲ ಎಂದದ್ದು ಇದೇ ಮೊದಲು.

ಒಂದು ಸಲ ಬಂದು ದನವನ್ನು ನೋಡಿ ಹೋಗಬಹುದಲ್ಲ. ಸಂಜೆ ಹತ್ತಿದರೆ ಬೆಳಿಗ್ಗೆ ಇಲ್ಲಿರುತ್ತೀ.

ಶಿದ್ರಾಮಪ್ಪ


ಪುಣೆ
22 ಅಕ್ಟೋಬರ್ 2012

ಅಪ್ಪನಿಗೆ ನಮಸ್ಕಾರ.

ಎರಡನೆಯ ತುಂಡು ಅದ್ಭುತವಾಗಿ ಬಂದಿದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಮಾರ್ಗದರ್ಶಕರು ಕುರ್ಚಿ ಎಳೆದು ನನ್ನ ಪಕ್ಕ ಕೂತು ಪರದೆ ನೋಡಿದರು. ಸುದ್ದಿ ಕೊಡುವ ಜೀನುಗಳು ಮೊದಲಿಗಿಂತ ಆಳಕ್ಕೆ ಇಳಿದಿವೆ. ಕುತ್ತಿಗೆಯ ಗಂಟುಗಳಿಗೂ ತೊಟ್ಟಿನ ಗಂಟುಗಳಿಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿದೆ. ಮೂರನೆಯ ತುಂಡೊಂದು ಬಂದರೆ ಪೂರ್ತಿಯಾಗುತ್ತದೆ.

ಈ ತಿಂಗಳು ಬರಲಾಗುವುದಿಲ್ಲ. ಯಂತ್ರದ ಸರದಿ ನನಗೆ ವಾರಕ್ಕೊಂದು ದಿನ ಮಾತ್ರ, ಬಿಟ್ಟರೆ ಇನ್ನೊಬ್ಬರಿಗೆ ಹೋಗುತ್ತದೆ. ಡಿಸೆಂಬರ್ ಮೊದಲ ವಾರ ಮೂರನೆಯದನ್ನು ಕಳಿಸಿ. ಅಲ್ಲಿಯವರೆಗೆ ಏನೂ ಬೇಡ, ದಯವಿಟ್ಟು. ದ್ರವದ ಹೊಸ ಟ್ಯೂಬುಗಳನ್ನು ಕಳಿಸಿದ್ದೇನೆ.

ಸಂಧ್ಯಾ


ಮಹಾಲಿಂಗಪುರ
29 ನವೆಂಬರ್ 2012

ಚಿ. ಸಂಧ್ಯಾಗೆ.

ಈ ಕಾಗದದ ಜೊತೆ ಡಬ್ಬಿಯಿಲ್ಲ.

ಕಬರಿ ಕಳೆದ ಶುಕ್ರವಾರ ಕರು ಹಾಕಿತು. ಹೆಣ್ಣುಗರು, ಗಟ್ಟಿಯಾಗಿದೆ. ಮುದಕಪ್ಪ ಟ್ರ್ಯಾಕ್ಟರ್ ಬಿಟ್ಟು ಬಂದು ಫೋನು ಮಾಡಿಸಿದ, ನಾನು ಹೋಗುವಾಗ ಬೆಳಿಗ್ಗೆ ಹತ್ತು ಗಂಟೆ. ಕರು ಎದ್ದು ನಿಂತು ಕೆಚ್ಚಲಿಗೆ ಮೂತಿ ಹಾಕಿದರೆ ಕಬರಿ ಒದೆಯುತ್ತಿತ್ತು. ತಾರವ್ವ ಹಿಡಿದು ಬಾಯಿಗೆ ತೊಟ್ಟು ಕೊಟ್ಟರೂ ಕರುವಿನ ಬಾಯಿಗೆ ಸಿಗುತ್ತಿದ್ದುದು ತೊಟ್ಟಲ್ಲ, ಗಂಟು. ನಾಲ್ಕರಲ್ಲಿ ಒಂದೇ ತೊಟ್ಟು ಚೊಕ್ಕ. ಎಡಗಡೆಯ ಎರಡರ ತುದಿ ಪೂರ್ತಿ ಮುಚ್ಚಿ, ಒಳಗೆ ಹಾಲು ತುಂಬಿ ಕಲ್ಲಾಗಿತ್ತು. ಮುಟ್ಟಿದರೆ ಬೆಂಕಿಯಂತೆ ಸುಡುತ್ತಿತ್ತು, ಕೆಚ್ಚಲು ಬಾವು ಹತ್ತಿಬಿಟ್ಟಿತ್ತು.

"ಔಷಧ ಬಂತೇನ್ರಿ ಪುಣೆದ್ದು?" ಎಂದಳು ತಾರವ್ವ.

ನಾನು ಇನ್ನು ಸುಳ್ಳು ಹೇಳಲಾರದೆ ಎಲ್ಲವನ್ನೂ ಹೇಳಿದೆ. ಔಷಧ ಜೂನಿನಿಂದಲೂ ನನ್ನ ಪೆಟ್ಟಿಗೆಯಲ್ಲೇ ಇತ್ತು, ನಿನ್ನ ಓದಿಗಾಗಿ ಹಾಕಲಿಲ್ಲ ಎಂದು. ಅವಳು ಬೈಯಲಿಲ್ಲ. "ಅದರ ಕಾಲು ಹಿಡೀರಿ, ಕರು ಹಸದೈತಿ" ಎಂದಳು.

ಜಮಖಂಡಿಯಿಂದ ಡಾಕ್ಟರರನ್ನು ಕರೆಸಿದೆ. ಇಬ್ಬರೂ ಸೇರಿ ಮಧ್ಯಾಹ್ನದವರೆಗೆ ಗಂಟುಗಳನ್ನು ಕೊಯ್ದು ತೆಗೆದೆವು. ಬಲಗಡೆಯ ಎರಡು ತೊಟ್ಟು ಉಳಿದವು. ಎಡಗಡೆಯವು ಐದು ದಿನದ ಮದ್ದಿಗೂ ತೆರೆಯಲಿಲ್ಲ. ಇನ್ನು ತೆರೆಯುವುದೂ ಇಲ್ಲ.

ಮೂರನೆಯ ತುಂಡು ಬರುವುದಿಲ್ಲ. ಮೈಗೆ ಮದ್ದು ಹೋಗಿದೆ.

ಶಿದ್ರಾಮಪ್ಪ


ಪುಣೆ
6 ಡಿಸೆಂಬರ್ 2012

ಅಪ್ಪಾ,

ಮದ್ದು ಹೋಗಿದ್ದು ಕೊಯ್ದ ಮೇಲೆ. ಕೊಯ್ಯುವಾಗ ಇನ್ನೂ ಹೋಗಿರಲಿಲ್ಲ. ಅಷ್ಟೊಂದು ಗಂಟುಗಳನ್ನು ತೆಗೆದಿರಿ, ಅದರಲ್ಲಿ ಹೆಸರುಕಾಳಿನಷ್ಟನ್ನು ಟ್ಯೂಬಿಗೆ ಹಾಕಲು ಎಷ್ಟು ಹೊತ್ತು ಬೇಕಿತ್ತು? ಹೇಗಿದ್ದರೂ ತೆಗೆಯುತ್ತಿದ್ದಿರಲ್ಲ. ದನಕ್ಕೆ ಅದರಿಂದ ಹೆಚ್ಚಿನ ನೋವೇನೂ ಆಗುತ್ತಿರಲಿಲ್ಲ. ಉದುರುವ ಹೊತ್ತಿನದಲ್ಲದಿದ್ದರೂ ಬಾವಿನ ಹೊತ್ತಿನದಾದರೂ ನನಗೆ ಸಿಗುತ್ತಿತ್ತು. ಆರು ತಿಂಗಳ ಕೆಲಸ ತಿಪ್ಪೆಗೆ ಹೋಯಿತು. ಟ್ಯೂಬುಗಳನ್ನು ಒಯ್ದಿರಲಿಲ್ಲವೇ?

ಸಂಧ್ಯಾ


ಮಹಾಲಿಂಗಪುರ
19 ಡಿಸೆಂಬರ್ 2012

ಸಂಧ್ಯಾ,

ಒಯ್ದಿದ್ದೆ. ಅಂಗಿಯ ಜೇಬಿನಲ್ಲೇ ಇದ್ದವು. ಕತ್ತರಿಸಿದ ಗಂಟು ಕೈಯಲ್ಲಿತ್ತು, ಇನ್ನೊಂದು ಕೈ ಜೇಬಿನವರೆಗೆ ಹೋಗಿತ್ತು. ತಾರವ್ವ ಎದುರಿಗೆ ಕೂತು ಕರುವಿಗೆ ಬಟ್ಟೆಯ ಬತ್ತಿಯಿಂದ ಗಿಣ್ಣದ ಹಾಲು ಹಿಂಡುತ್ತಿದ್ದಳು. ನನ್ನ ಕೈಯನ್ನು ನೋಡಿದಳು. ನಾನು ಗಂಟನ್ನು ತಿಪ್ಪೆಗೆ ಹಾಕಿದೆ.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ.

ನಿನ್ನ ಕಾಗದದಲ್ಲಿ ಕರು ಬದುಕಿದೆಯೇ ಎಂದು ಕೇಳುವ ಒಂದು ಸಾಲನ್ನು ಅವ್ವ ಹುಡುಕಿದಳು. ನಾನು ಹುಡುಕಬೇಡ ಎಂದೆ.

ಶಿದ್ರಾಮಪ್ಪ


ಪುಣೆ
17 ಫೆಬ್ರುವರಿ 2013

ತಾರವ್ವ ಅವರಿಗೆ,

ನಾನು ಸಂಧ್ಯಾ, ಮಹಾಲಿಂಗಪುರದ ಶಿದ್ರಾಮಪ್ಪನವರ ಮಗಳು. ಈ ಕಾಗದವನ್ನು ಆರೇಳು ಸಲ ಬರೆದು ಹರಿದಿದ್ದೇನೆ.

ಕಬರಿಗೆ ಔಷಧ ಹಾಕಬೇಡಿ ಎಂದವಳು ನಾನು. ಅಪ್ಪ ಆಗಸ್ಟಿನಲ್ಲಿ ಬರೆದು ಕೇಳಿದ್ದರು, ಆಗಲೇ ಹಾಕಿದ್ದರೆ ತೊಟ್ಟುಗಳು ಉಳಿಯುವ ಸಾಧ್ಯತೆ ಬಹಳವಿತ್ತು. ನಾನು ಬೇಡ ಎಂದೆ. ನಿಮ್ಮನ್ನು ಕೇಳಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ. ನನ್ನ ಕಾಗದಗಳಲ್ಲಿ ಕಬರಿ ಒಂದು ದನವಾಗಿರಲಿಲ್ಲ, ಒಂದು ತುಂಡಾಗಿತ್ತು.

ನಾನು ಏನು ಹುಡುಕುತ್ತಿದ್ದೆ ಎಂದು ನಿಮಗೆ ತಿಳಿಯುವ ಹಕ್ಕಿದೆ. ನರೂಲಿಯ ವೈರಸ್ಸು ಮೈಯೊಳಗೆ ಹೊಕ್ಕು, ಅಪಾಯವಿದೆ ಎಂದು ಸುದ್ದಿ ಕೊಡುವ ಜೀನುಗಳ ಬಾಯಿ ಮುಚ್ಚಿಸುತ್ತದೆ. ಅದಕ್ಕೇ ಗಂಟು ತಿಂಗಳುಗಟ್ಟಲೆ ಬೆಳೆಯುತ್ತದೆ. ಮುಂದೊಂದು ದಿನ ಇದರಿಂದ ಒಳ್ಳೆಯ ಲಸಿಕೆ ಆಗಬಹುದು. ಆಗದೆಯೂ ಇರಬಹುದು. ಒಂದು ವೇಳೆ ಆದರೂ ಅದು ಕಬರಿಯ ಉಪಯೋಗಕ್ಕೆ ಬರುವುದಿಲ್ಲ.

ನನ್ನನ್ನು ಕ್ಷಮಿಸಿ. ಅಪ್ಪನ ಮೇಲೆ ಸಿಟ್ಟು ಬೇಡ, ಅವರು ನನ್ನ ಮಾತಿಗೆ ಕಟ್ಟುಬಿದ್ದರು.

ಸಂಧ್ಯಾ ಶಿದ್ರಾಮಪ್ಪ


ಹಿಪ್ಪರಗಿ
11 ಮಾರ್ಚ್ 2013

ಸಂಧ್ಯಾ ಬಾಯಾರಿಗೆ ತಾರವ್ವ ಮಾಡೂ ನಮಸ್ಕಾರ.

ನಾನು ಐದನೇತ್ತಾ ತನಕ ಸಾಲಿ ಕಲತಾಕಿ. ತಪ್ಪಿದ್ದಲ್ಲಿ ತಿಳಕೊಂಡು ಓದ್ರಿ.

ಕ್ಷಮಾ ಕೇಳೀರಿ. ಕೊಟ್ಟೇನಿ ಅಂದ್ರ ಸುಳ್ಳ ಆಕ್ಕೈತಿ. ಅದಕ್ಕ ಆ ಮಾತು ಇರಲಿ.

ಕರು ಛಲೋ ಐತಿ. ಎರಡು ಮೊಲಿ ಹಾಲು ಅದಕ್ಕೂ ನಮ್ಮ ಚಾಕ್ಕೂ ಸಾಕಾಗತೈತಿ, ಡೇರಿಗೆ ಹಾಕೂದು ಆಗೂದಿಲ್ಲ. ಕಬರಿನ್ನ ಕೊಟ್ಟ ಬಿಡೂನು ಅಂತ ಮನ್ಯಾಗ ಅಂದ್ರು. ನಾ ಒಲ್ಲೆ ಅಂದೆ. ಒಮ್ಮೆ ಊರು ಬಿಡೂವಾಗ ಎಲ್ಲಾ ದನ ಕೊಟ್ಟ ಬಂದೇನಿ, ಅವು ತಿರುಗಿ ತಿರುಗಿ ನೋಡಿದ್ದು ನನಗ ಇನ್ನೂ ಮರತಿಲ್ಲ.

ಹುಳ ಒಳಗ ಹೊಕ್ಕು ಸುದ್ದಿ ಹೇಳಾವ್ರ ಬಾಯಿ ಮುಚ್ಚಸತೈತಿ ಅಂತ ಬರದೀರಿ. ಅದು ನನಗ ತಿಳೀತು. ಭಾಳ ತಿಳೀಬೇಕಾದ ಮಾತೇನಲ್ಲ ಅದು.

ನಿಮ್ಮ ಅಪ್ಪಾರು ಪ್ರತಿ ಸೋಮವಾರ ಬಂದು ಕೆಚ್ಚಲಾ ನೋಡಿ ಹೋಗತಾರ. ನಾ ಚಾ ಕೊಟ್ರ ಕುಡ್ಯೂದಿಲ್ಲ. ಅವರ ಮ್ಯಾಲ ಸಿಟ್ಟು ಬ್ಯಾಡ ಅಂತ ನೀವು ಹೇಳಬ್ಯಾಡ್ರಿ. ನನ್ನ ಮುಂದ ನಿಂತು ಸುಳ್ಳು ಹೇಳಿದಾವ್ರು ಅವರು. ಸಿಟ್ಟೈತಿ. ಹೋಗತೈತಿ, ಯಾವಾಗ ಹೋಗತೈತಿ ಅಂತ ಗೊತ್ತಿಲ್ಲ.

ಒಂದು ಕೇಳ್ತೇನಿ. ನೀವು ಪುಸ್ತಕಾ ಬರೀತೀರಿ ಅಂತ. ಅದರಾಗ ಕಬರಿ ಗಂಟಿನ ಸುದ್ದಿ ಬರೀತೀರಿ. ಅಷ್ಟ ಬರದ್ರ ಅರ್ಧಾ ಸುದ್ದಿ ಆತು. ಎರಡು ಮೊಲಿ ಹೋದುವು ಅಂತನೂ ಬರೀರಿ. ಔಷಧ ಇದ್ದೂ ಹಾಕಲಿಲ್ಲ ಅಂತ ಬರೀರಿ. ನಾಳೆ ಮತ್ತೊಬ್ಬಾಕಿ ಓದಾಕ ಬಂದಾಗ ಅದನ್ನ ನೋಡ್ಲಿ.

ತಾರವ್ವ


ಪುಣೆ
20 ಜೂನ್ 2013

ಅಪ್ಪನಿಗೆ ನಮಸ್ಕಾರ.

ನಾನು ಆರು ತಿಂಗಳು ನಿಮಗೆ ಬರೆಯಲಿಲ್ಲ, ನೀವೂ ಬರೆಯಲಿಲ್ಲ. ತಾರವ್ವನ ಕಾಗದದ ಬಗ್ಗೆ ನಿಮಗೆ ಗೊತ್ತಿರಬಹುದು.

ಅವಳು ಕೇಳಿದ ಸಾಲನ್ನು ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಹಾಕಿದೆ. ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಹೊಡೆದರು. ಮತ್ತೆ ಹಾಕಿದೆ, ಮತ್ತೆ ಹೊಡೆದರು. "ಈ ಸಾಲಿನಿಂದ ವಿಜ್ಞಾನಕ್ಕೆ ಏನೂ ಸೇರುವುದಿಲ್ಲ, ನಿನಗೆ ತೊಂದರೆ ಸೇರುತ್ತದೆ" ಎಂದರು. ನಿಜವೇ. ಸಾಲು ಇದ್ದರೆ ಪ್ರಬಂಧ ಪರಿಶೀಲಿಸುವ ಸಮಿತಿ ಪ್ರಶ್ನೆ ಎತ್ತುತ್ತದೆ: ಮಾಲೀಕರ ಒಪ್ಪಿಗೆ ಪತ್ರ ಎಲ್ಲಿ, ಚಿಕಿತ್ಸೆ ತಡೆಯಲು ಅನುಮತಿ ಕೊಟ್ಟವರು ಯಾರು. ಎರಡೂ ನನ್ನ ಹತ್ತಿರವಿಲ್ಲ. ಎರಡು ವಾರ ಜಗಳವಾಡಿ ಕೊನೆಗೆ ಒಂದು ಸಾಲಿಗೆ ಅವರನ್ನು ಒಪ್ಪಿಸಿದ್ದೇನೆ. ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿ ಹೀಗಾಗುತ್ತದೆ:

"ಅಧ್ಯಯನದ ಅವಧಿಯಲ್ಲಿ ಐದನೆಯ ಹಸುವಿಗೆ ಲಭ್ಯವಿದ್ದ ಚಿಕಿತ್ಸೆ ನೀಡಲಾಗಲಿಲ್ಲ, ಪರಿಣಾಮವಾಗಿ ಅದರ ಎರಡು ಮೊಲೆತೊಟ್ಟುಗಳು ಶಾಶ್ವತವಾಗಿ ನಿಷ್ಕ್ರಿಯಗೊಂಡವು."

ತಾರವ್ವನಿಗೆ ಓದಿ ಹೇಳಿ. ಹೆಚ್ಚು ಮಾಡಲಾಗಲಿಲ್ಲ ಎಂದೂ ಹೇಳಿ.

ನಿಮ್ಮ
ಸಂಧ್ಯಾ


ಮಹಾಲಿಂಗಪುರ
9 ಜುಲೈ 2013

ಚಿ. ಸಂಧ್ಯಾಗೆ.

ಸೋಮವಾರ ಹೋಗಿ ಓದಿ ಹೇಳಿದೆ. ತಾರವ್ವ ಮೇವು ಹಾಕುವುದನ್ನು ನಿಲ್ಲಿಸಿ ಕೇಳಿದಳು. "ಇನ್ನೊಮ್ಮೆ ಓದ್ರಿ" ಎಂದಳು. ಓದಿದೆ.

"ನೀಡಲಾಗಲಿಲ್ಲ ಅಂದ್ರ?"

"ಕೊಡಲಿಲ್ಲ ಅಂತ."

"ಅದು ತಿಳೀತ್ರಿ. ಯಾರು ಕೊಡಲಿಲ್ಲ?"

ನಾನು ಕಾಗದವನ್ನು ಮತ್ತೆ ನೋಡಿದೆ. ಅದರಲ್ಲಿ ಇರಲಿಲ್ಲ.

"ಮಳಿ ಬರಲಿಲ್ಲ ಅಂದಂಗ ಐತಿದು" ಎಂದಳು. "ಸಿಗಲಿಲ್ಲೋ, ಆಗಲಿಲ್ಲೋ, ಯಾರೋ ಬ್ಯಾಡ ಅಂದ್ರೋ ತಿಳೀವಲ್ದು. ಓದಿದಾವ್ರು ನಾನ ಕೊಡಸಲಿಲ್ಲ ಅಂತ ತಿಳಕೊಂಡ್ರ?"

ಇಲಾಖೆಯ ವರದಿಗಳಲ್ಲಿ ನಾನು ಮೂವತ್ತೊಂದು ವರ್ಷ ಬರೆದದ್ದೂ ಹೀಗೆಯೇ. ಲಸಿಕೆ ಹಾಕಲಾಗಲಿಲ್ಲ, ಭೇಟಿ ನೀಡಲಾಗಲಿಲ್ಲ. ಒಬ್ಬರೂ ಹೀಗೆ ಕೇಳಿರಲಿಲ್ಲ. "ಕೊಡದಾವ ನಾನು, ಬ್ಯಾಡ ಅಂದಾಕಿ ನನ್ನ ಮಗಳು" ಎಂದೆ. "ಅದನ್ನ ಬರೀಲಿ ಮತ್ತ" ಎಂದು ಮೇವಿನ ಬುಟ್ಟಿ ಎತ್ತಿಕೊಂಡಳು.

ಸಾಲು ಬದಲಿಸು ಎಂದು ನಾನು ಹೇಳುವುದಿಲ್ಲ. ನಿನ್ನ ಓದಿನ ಕಷ್ಟ ನನಗೆ ಗೊತ್ತು. ಅವಳು ಕೇಳಿದ್ದನ್ನು ತಿಳಿಸಿದ್ದೇನೆ.

ಶಿದ್ರಾಮಪ್ಪ


ಪುಣೆ
26 ಆಗಸ್ಟ್ 2013

ಅಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಆ ಸಾಲನ್ನು ಬದಲಿಸಿ ಸಲ್ಲಿಸಿದೆ, ಪ್ರಬಂಧವನ್ನು ಸಮಿತಿ ತಡೆಹಿಡಿದಿದೆ. ಕಬರಿಯ ಎರಡೂ ತುಂಡುಗಳ ಫಲಿತಾಂಶವನ್ನು ತೆಗೆದು, ಉಳಿದ ನಾಲ್ಕು ದನಗಳ ಮೇಲೆ ಮತ್ತೆ ಬರೆಯಬೇಕಂತೆ. ಕನಿಷ್ಠ ಒಂದು ವರ್ಷ ಹೆಚ್ಚು. ತೊಟ್ಟಿನ ಗಂಟಿನ ಬಗ್ಗೆ ನಾನು ಕಂಡದ್ದು ಲೆಕ್ಕಕ್ಕೆ ಬರುವುದಿಲ್ಲ. ಮಾರ್ಗದರ್ಶಕರು ಮೂರು ದಿನದಿಂದ ನನ್ನೊಡನೆ ಮಾತಾಡಿಲ್ಲ. ಹಳೆಯ ಸಾಲೇ ಇದ್ದಿದ್ದರೆ ಬಹುಶಃ ದಾಟಿಹೋಗುತ್ತಿತ್ತು. ಅದನ್ನು ನೆನೆದು ಸಿಟ್ಟೂ ಬರುತ್ತದೆ, ಯಾರ ಮೇಲೆ ಎಂದು ಕೇಳಿಕೊಂಡರೆ ಉತ್ತರ ಬೇಗ ಸಿಗುತ್ತದೆ.

ಫಲಿತಾಂಶ ತೆಗೆದರೂ ಆ ಹಸು ಅಧ್ಯಯನದಲ್ಲಿತ್ತು ಎಂಬುದನ್ನು ತೆಗೆಯುವಂತಿಲ್ಲ ಎಂದು ಹಟ ಹಿಡಿದಿದ್ದೇನೆ. ಅದೊಂದನ್ನು ಒಪ್ಪಿದ್ದಾರೆ. ಹೊಸ ಸಾಲು ಹೀಗಿದೆ:

"ಹಿಪ್ಪರಗಿಯ ತಾರವ್ವ ಅವರ ಹಸುವಿಗೆ ಔಷಧ ಇತ್ತು. ಅವರು ಕೇಳಿದರು, ನನ್ನ ತಂದೆಯೂ ಕೇಳಿದರು. ಕೊಡಬೇಡಿ ಎಂದವಳು ನಾನು."

ಶುಕ್ರವಾರ ಸಂಜೆಯ ಬಸ್ಸಿಗೆ ಹೊರಡುತ್ತೇನೆ, ಶನಿವಾರ ಬೆಳಿಗ್ಗೆ ಹಿಪ್ಪರಗಿಗೆ ಹೋಗೋಣ. ನೀವು ಜೊತೆಗೆ ಬನ್ನಿ. ಆದರೆ ಕಾಗದ ನಿಮ್ಮ ಕೈಗೆ ಕೊಡುವುದಿಲ್ಲ, ಅವಳೆದುರು ನಾನೇ ಓದುತ್ತೇನೆ.

ಸಂಧ್ಯಾ